ಮಲಗಿದ್ದ ಸೇನಾಪತಿಗೆ ಹಾಕಿದ ಹಾರ

ನಮ್ಮ ಪಾಂಡವಪುರದಲ್ಲಿ ಆಗ ಗಂಡಸರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಪಹಣಿಯಲ್ಲಿ, ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಇರುತ್ತಿತ್ತು. ಬೀದಿಯಲ್ಲಿ ನಡೆಯುತ್ತಿದ್ದದ್ದು ಮಾತ್ರ ನಾಟಕದ ಪಾರ್ಟಿನ ಹೆಸರು. ಒಂದು ಸಲ ರಾಜನ ಪಾರ್ಟು ಮಾಡಿದವನು ಸಾಯುವ ತನಕ ರಾಜ. ಅವನ ಮನೆ ರಾಜನ ಮನೆ, ಅವನ ಎಮ್ಮೆ ರಾಜನ ಎಮ್ಮೆ. ಮಂತ್ರಿ ಗೊಬ್ಬರದ ಅಂಗಡಿ ಇಟ್ಟಿದ್ದ. ದೇವರ ಪಾರ್ಟಿನವನು ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ. ಬೆಳಿಗ್ಗೆ ಅವನು ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿದರೆ ಒಳಗಿನಿಂದ ಕೂಗು ಕೇಳುತ್ತಿತ್ತು: "ಲೇ, ದೇವ್ರು ಬಂದವ್ನೆ, ಎರಡ್ ಇಡ್ಲಿ ಕೊಡ್ಲಾ. ಚಟ್ನಿ ಜಾಸ್ತಿ ಆಕು, ಇಲ್ದಿದ್ರೆ ಶಾಪ ಕೊಡ್ತಾನೆ." ಬಸ್ಸಿಗೆ ಕಾದು ನಿಂತ ಪರವೂರಿನವರು ತಿರುಗಿ ನೋಡುತ್ತಿದ್ದರು. ನಮಗೆ ಅದರಲ್ಲಿ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ.

ಹೆಸರು ಒಳ್ಳೆಯದೇ ಸಿಗಬೇಕೆಂದೇನೂ ಇರಲಿಲ್ಲ. ಒಬ್ಬ ಬಡಗಿ ಒಂದು ವರ್ಷ ಶತ್ರು ರಾಜನಾಗಿ ಗದೆ ಎತ್ತಿದಾಗ ಅಂಟಿಸಿದ್ದ ಮೀಸೆ ಬಿದ್ದುಹೋಯಿತು. ಅವನಿಗೆ ಅವತ್ತಿನಿಂದ ಮೀಸೆ ಎಂದೇ ಹೆಸರು. ಮುಖದ ಮೇಲೆ ಒಂದು ಕೂದಲೂ ಇಲ್ಲದ ಮನುಷ್ಯ. ಅವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರೂ "ಮೀಸೆ ಮನೆ ಯಾವುದು?" ಎಂದು ಕೇಳಿಕೊಂಡೇ ಬಂದರು.

ನನ್ನ ಗಂಡ ಸೇನಾಪತಿ. ನಾಲೆಯ ದಂಡೆಯ ಮೇಲೆ ನಮ್ಮದೊಂದು ಆಲೆಮನೆ ಇತ್ತು. ಕಬ್ಬು ಅರೆದು ಬೆಲ್ಲ ಕಾಯಿಸುವ ಕೆಲಸ. ಅವರ ಅಂಗಿಗಳನ್ನು ಎಷ್ಟು ಒಗೆದರೂ ಬೆಲ್ಲದ ಪಾಕದ ವಾಸನೆ ಹೋಗುತ್ತಿರಲಿಲ್ಲ. ಮೈಕಟ್ಟು ಎತ್ತರ, ಕಂಠ ದೊಡ್ಡದು. ಆದ್ದರಿಂದ ಮೊದಲ ವರ್ಷವೇ ಸೇನಾಪತಿ ಪಾರ್ಟು ಸಿಕ್ಕಿತು. ಕೊನೆಯ ಅಂಕದಲ್ಲಿ ಬಾಣ ತಗುಲಿ ಬಿದ್ದು, ಬಿದ್ದಲ್ಲೇ ಉದ್ದಕ್ಕೆ ಒಂದು ಹಾಡು ಹಾಡಿ ಸಾಯಬೇಕು. ಆ ಪಾರ್ಟನ್ನು ಅವರು ಮತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಬಣ್ಣ ಹಚ್ಚಿಕೊಂಡು, ಕತ್ತಿ ಹಿಡಿದು, ಸ್ಟುಡಿಯೋದ ಕೋಟೆಯ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನಮ್ಮ ನಡುಮನೆಯಲ್ಲಿ ತೂಗುತ್ತಿತ್ತು.

ಹಾರ್ಮೋನಿಯಂ ಮೇಷ್ಟ್ರು ನಾಗಮಂಗಲದ ಕಡೆಯವರು. ಸುಗ್ಗಿ ಮುಗಿಯುತ್ತಿದ್ದಂತೆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ನಾಟಕವೂ ಅವರದೇ. ಪುರಾಣಗಳಿಂದ ಅಲ್ಲಿಷ್ಟು ಇಲ್ಲಿಷ್ಟು ತಂದು ಅವರೇ ಹೊಲಿದದ್ದು. ಉಳಿದುಕೊಳ್ಳುತ್ತಿದ್ದದ್ದು ನಮ್ಮ ಜಗಲಿಯ ಕೋಣೆಯಲ್ಲಿ. ತಾಲೀಮು ಪಕ್ಕದ ಬೆಲ್ಲದ ಮಂಡಿಯಲ್ಲಿ. ಸಂಜೆ ನಾನು ಮುದ್ದೆ ತಿರುವುವ ಹೊತ್ತಿಗೆ ಸರಿಯಾಗಿ ಅಲ್ಲಿ ಯುದ್ಧ ಶುರುವಾಗುತ್ತಿತ್ತು. ಎಲ್ಲರ ಮಾತೂ ನನಗೆ ಬಾಯಿಪಾಠ. ಮಂತ್ರಿ ಎಲ್ಲಿ ಮರೆಯುತ್ತಾನೆ ಎನ್ನುವುದೂ ಗೊತ್ತಿತ್ತು. ಅಲ್ಲಿಗೆ ಬಂದಾಗ ನನ್ನ ಕೈಯ ಕೋಲು ತಾನಾಗಿ ನಿಲ್ಲುತ್ತಿತ್ತು.

ಈಗ ಹಾರದ ವಿಷಯ ಹೇಳಬೇಕು. ನಮ್ಮ ಕಡೆ ನಾಟಕ ನಡೆಯುವಾಗ ಪಾರ್ಟುದಾರನ ಹೆಂಡತಿಯ ತವರಿನವರು ರಂಗದ ಮೇಲೆ ಹತ್ತಿ ಹಾರ ಹಾಕಬೇಕು. ರಾಜ ಸಿಟ್ಟಿನಲ್ಲಿರಲಿ, ಸಿಂಹಾಸನ ಹೋಗುತ್ತಿರಲಿ, ಬಾಮೈದ ಹಾರ ಹಿಡಿದು ಮೆಟ್ಟಿಲು ಹತ್ತಿದರೆ ನಾಟಕ ನಿಂತಿತು. ಮೇಷ್ಟ್ರು ಶ್ರುತಿ ಹಿಡಿದುಕೊಂಡೇ ಕೂರುತ್ತಾರೆ. ರಾಜ ಕೈ ಮುಗಿದು, ಕತ್ತು ಬಗ್ಗಿಸಿ ಹಾಕಿಸಿಕೊಂಡು, ಮತ್ತೆ ಸಿಟ್ಟಿಗೇಳುತ್ತಾನೆ. ಹೊತ್ತು ಮೀರಿ ಬಂದ ನೆಂಟರಿಗಾಗಿ, ಸತ್ತವನು ಎದ್ದು ನಿಂತು ಹಾರ ಹಾಕಿಸಿಕೊಂಡು, ಜನ "ಒನ್ಸ್ ಮೋರ್" ಎಂದರೆ ಸಾಯುವ ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸತ್ತದ್ದೂ ಉಂಟು. ಹಾರ ಬಾರದೆ ಹೋದರೆ ಹೆಂಗಸು ತಲೆ ಎತ್ತುವಂತಿರಲಿಲ್ಲ. "ತವರು ಇಲ್ವೇನೋ ಪಾಪ" ಎಂದು ಚಾಪೆಯಿಂದ ಚಾಪೆಗೆ ಮಾತು ಹರಿಯುತ್ತಿತ್ತು.

ನನಗೆ ತವರೆಂದರೆ ತಮ್ಮನೊಬ್ಬನೇ. ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಅಕ್ಕಿಹೆಬ್ಬಾಳಿನಲ್ಲಿ, ಹೇಮಾವತಿಯ ಪಕ್ಕದ ಗದ್ದೆ ನೋಡಿಕೊಂಡು ಅವನಿದ್ದ. ಮಾತು ಕಡಿಮೆ. ವರ್ಷ ವರ್ಷವೂ ಕೆ.ಆರ್. ಪೇಟೆಯ ಹೂವಿನ ಅಂಗಡಿಯಲ್ಲಿ ನಿಂತು ಸುಗಂಧರಾಜದ ಹಾರ ಕಟ್ಟಿಸಿ, ಬಾಳೆ ಎಲೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ನೀರು ಚಿಮುಕಿಸಿಕೊಂಡು ತರುತ್ತಿದ್ದ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಅವನು ತಡ ಮಾಡಿದ. ಕೊನೆಯ ಬಸ್ಸು ಚಿನಕುರಳಿಯ ಈಚೆ ಕೆಟ್ಟು ನಿಂತಿತಂತೆ. ಕಬ್ಬಿನ ಟ್ರಾಕ್ಟರು ಹತ್ತಿ, ಉಳಿದದ್ದನ್ನು ಗದ್ದೆಗಳ ಅಡ್ಡದಾರಿಯಲ್ಲಿ ನಡೆದು, ಅವನು ಬಯಲಿಗೆ ಬರುವ ಹೊತ್ತಿಗೆ ಮೂಡಲು ಬೆಳ್ಳಗಾಗುತ್ತಿತ್ತು. ಸೇನಾಪತಿ ಬಿದ್ದಾಗಿತ್ತು, ಹಾಡೂ ಮುಗಿಯುತ್ತಾ ಬಂದಿತ್ತು. ರಂಗದ ಮೇಲೆ ಅವರೊಬ್ಬರೇ. ನನ್ನ ತಮ್ಮ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಮೆಟ್ಟಿಲು ಹತ್ತಿದ. ಮೇಷ್ಟ್ರು ಶ್ರುತಿ ಹಿಡಿದರು. ಜನ "ಏಳ್ಲಾ ಸೇನಾಪತಿ, ಬಾಮೈದ ಬಂದವ್ನೆ" ಎಂದು ಕೂಗಿದರು.

ಅವರು ಏಳಲಿಲ್ಲ. ತಮ್ಮ ಬಗ್ಗಿದ. ಒಂದು ಗಳಿಗೆ ಹಾಗೇ ಬಗ್ಗಿಕೊಂಡೇ ಇದ್ದ. ಆಮೇಲೆ ಹಾರವನ್ನು ಮಲಗಿದ್ದವರ ಎದೆಯ ಮೇಲೆ ಹಾಕಿ, ಕಾಲಿನ ಕಡೆ ಹೋಗಿ ಕೈ ಮುಗಿದು ಇಳಿದ. ಪರದೆ ಬಿತ್ತು. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಅತ್ತೆ ಹೊಡೆಯಲಿಲ್ಲ.

"ಮಲಗಿರೋನ್ಗೆ ಆಕ್ಬುಟ್ನಲ್ಲೇ," ಅಂದರು.

"ನಾಟ್ಕ ಅಲ್ವಾ ಅತ್ತೆ," ಅಂದೆ.

ಮನೆಗೆ ಬಂದವರೇ ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನನ್ನ ಗಂಡ ನಗುತ್ತಾ ಬಣ್ಣ ತೊಳೆದುಕೊಂಡರು. ಬಾಡಿಗೆಯ ಉಡುಪನ್ನು ಪೆಟ್ಟಿಗೆಗೆ ಹಾಕುವ ಮುಂಚೆ ನನ್ನನ್ನು ಕರೆದು, ಲಂಗಕ್ಕೆ ಹಾಕುವ ಹೊಸ ಲಾಡಿ ಇದ್ದರೆ ಒಂದು ಕೊಡು ಎಂದರು. ಕೊಟ್ಟೆ. ಯಾತಕ್ಕೆಂದು ಕೇಳಲಿಲ್ಲ. ಕಾಫಿ ಉಕ್ಕುತ್ತಿತ್ತು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತಿದ್ದವರು ಎದೆ ಹಿಡಿದುಕೊಂಡು ಕುಳಿತರು. ಮತ್ತೆ ಏಳಲಿಲ್ಲ. ಹೋಟೆಲಿನ ಮುಂದಿನ ಕರಿಹಲಗೆಯ ಮೇಲೆ ಯಾರೋ ಅವರ ಪಹಣಿಯ ಹೆಸರು ಬರೆದು, ತೀರಿಕೊಂಡರು ಎಂದು ಬರೆದರು. ಜನ ಓದಿಕೊಂಡು, "ಯಾರ್ಲಾ ಇದು, ಯಾವೂರ್ನೋನು?" ಎನ್ನುತ್ತಾ ಹೋದರಂತೆ. ದೇವರು ಬಂದು ಅದನ್ನು ಒರೆಸಿ "ನಮ್ಮ ಸೇನಾಪತಿ" ಎಂದು ಬರೆದ ಮೇಲೆ ಬೀದಿ ತುಂಬಿತು.

ತಮ್ಮ ಸಂಜೆಗೆ ಬಂದ. ಸಾವಿನ ಮನೆಗೆ ಎಲ್ಲರೂ ತರುವಂತೆ ಒಂದು ಹಾರ ತಂದಿದ್ದ. ಅದೇ ಸುಗಂಧರಾಜ, ಅದೇ ಅಂಗಡಿ. ಅತ್ತೆಗೆ ಅದು ಕಂಡಿತು. ಎದ್ದು ಬಾಗಿಲಿಗೆ ಅಡ್ಡ ನಿಂತರು.

"ನೀನು ಅವತ್ತೇ ಆಕಾಯ್ತಲ್ಲ! ಇನ್ನೊಂದ್ ಯಾಕ್ಲಾ ತಂದೆ? ಜೀವಂತ ಇದ್ದೋನ್ನ ಎಣ ಮಾಡ್ದೋನು ನೀನು. ನನ್ನ ಒಸ್ಲು ತುಳೀಬ್ಯಾಡ."

ಅಂಗಳದ ತುಂಬ ಜನ. ತಮ್ಮ ಬಾಯಿ ತೆರೆದ, ಮುಚ್ಚಿದ. ಹಾರವನ್ನು ಜಗಲಿಯ ಅಂಚಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ತಡೆಯಬೇಕು ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ. ಅವನ ಎಡಗಾಲಿನ ಚಪ್ಪಲಿಯ ಉಂಗುಷ್ಠಕ್ಕೆ ತಂತಿ ಸುತ್ತಿದ್ದದ್ದು ಮಾತ್ರ ಕಂಡಿತು.

ಮೂಳೆ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಕಾವೇರಿ ತುಂಬಿ ಹರಿಯುತ್ತಿದ್ದಳು. ಮೆಟ್ಟಿಲ ಈ ಕಡೆ ನಾವು. ಆ ಕಡೆ, ಮರದ ಬುಡದಲ್ಲಿ ಒಬ್ಬ ಟವೆಲನ್ನು ನಾಲ್ಕು ಮಡಿಕೆ ಮಾಡಿ ತಲೆಯ ಮೇಲೆ ಹಾಕಿಕೊಂಡು ನಿಂತಿದ್ದ. ಹಾಗೆ ಮಡಿಸುವುದು ನನ್ನ ತಮ್ಮ. ನಾವು ವ್ಯಾನು ಹತ್ತಿದ ಮೇಲೆ ಅವನು ನೀರಿಗೆ ಇಳಿದ. ಅತ್ತೆಯೂ ನೋಡಿದರು.

ತಿಥಿಯ ದಿನ ಮುಂಡೆಯಾದವಳಿಗೆ ತವರಿನಿಂದ ಸೀರೆ ಬರಬೇಕು. ಬಂತು, ಬಸ್ಸಿನಲ್ಲಿ. ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರು ಅದನ್ನು ಹೋಟೆಲಿನಲ್ಲಿ ಕೊಟ್ಟು, ಹೋಟೆಲಿನವರು ಮನೆಗೆ ಕಳಿಸಿದರು. ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು, "ತವರು ಬಸ್ನಾಗ್ ಬಂದದೆ ಕಣಮ್ಮಿ," ಅಂದಳು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕಾರ್ಖಾನೆಯ ಸೈರನ್ ಕೂಗಿದಾಗ ಏಳುತ್ತಿದ್ದೆ. ಕೊಟ್ಟಿಗೆ, ನೀರು, ಒಲೆ. ಆಲೆಮನೆಯನ್ನು ಮೈದುನ ನೋಡಿಕೊಳ್ಳತೊಡಗಿದ. ಕೈಗೆ ಬಿಸಿ ತಾಗಿದರೆ ತಡವಾಗಿ ಗೊತ್ತಾಗುತ್ತಿತ್ತು. ಬೊಬ್ಬೆ ಎದ್ದ ಮೇಲೆ, ಓ ಸುಟ್ಟಿತಲ್ಲ, ಎಂದುಕೊಳ್ಳುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು, ಉಣ್ಣದಿದ್ದರೆ ಬೈದು ಉಣ್ಣಿಸುತ್ತಿದ್ದರು. ತಮ್ಮನ ಮಾತು ಮಾತ್ರ ಬರುವಂತಿರಲಿಲ್ಲ. ಪುಷ್ಯದಲ್ಲಿ ಕಂಡಕ್ಟರ ಕೈಯಲ್ಲಿ ಅಕ್ಕಿಹೆಬ್ಬಾಳಿನ ಅವರೆಕಾಯಿ ಬಂತು, ಒಂದು ದೊಡ್ಡ ಗಂಟು. ಸೊಗಡು ಮನೆಯೆಲ್ಲ ತುಂಬಿತು. ಬೇಯಿಸಲೇ ಎಂದು ನಾನು ಕೇಳಲಿಲ್ಲ. ಬೇಯಿಸು ಎಂದು ಅವರು ಹೇಳಲಿಲ್ಲ. ಕೆಲವು ದಿನ ಮೂಲೆಯಲ್ಲಿದ್ದು ಒಣಗಿತು. ಸುಲಿದು, ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟೆ. ಇನ್ನು ಅವನು ಬರುವುದಿಲ್ಲ, ಹೀಗೇ ಬಸ್ಸಿನಲ್ಲೇ ಒಂದೊಂದು ಬರುತ್ತಿರುತ್ತದೆ, ಆಮೇಲೆ ಅದೂ ನಿಲ್ಲುತ್ತದೆ ಎಂದು ಲೆಕ್ಕ ಹಾಕಿಕೊಂಡೆ. ಅಳು ಬರಲಿಲ್ಲ.

ಸುಗ್ಗಿ ಮುಗಿದು ಮೇಷ್ಟ್ರು ಬಂದರು. ಎಂದಿನಂತೆ ಜಗಲಿಯ ಕೋಣೆಯಲ್ಲೇ ಪೆಟ್ಟಿಗೆ ಇಟ್ಟರು. ತಾಲೀಮು ಶುರುವಾಯಿತು, ಆದರೆ ಸೇನಾಪತಿ ಪಾರ್ಟು ಯಾರೂ ಹಿಡಿಯಲಿಲ್ಲ. "ಇನ್ಮ್ಯಾಲೆ ಆ ಪಾರ್ಟ್ ಮಾಡ್ದೋನು ವರ್ಸ ತುಂಬಾಕಿಲ್ಲ" ಎಂದು ಊರಲ್ಲಿ ಮಾತಾಗಿತ್ತು. ಒಂದು ಬೆಳಿಗ್ಗೆ ಅತ್ತೆ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ಮೇಷ್ಟ್ರು ಕಾಫಿ ಕುಡಿಯುತ್ತಾ ಕುಳಿತಿದ್ದರು.

"ಅವನಂಗೆ ಬೀಳೋನು ಇನ್ನೊಬ್ಬ ಸಿಗಾಕಿಲ್ಲ ಅವ್ವ," ಎಂದರು ಮೇಷ್ಟ್ರು. "ಓದ್ ವರ್ಸವಂತೂ ಬಿದ್ದ ರಭಸಕ್ಕೆ ಇಜಾರದ ಲಾಡಿನೇ ಕಿತ್ತೋಗಿತ್ತು, ಪುಣ್ಯಾತ್ಮಂದು."

ಅತ್ತೆಯ ಮೊರ ನಿಂತಿತು. "ಯಾವ ಲಾಡಿ?"

"ಅದೇ ಅವ್ವ, ಬಾಮೈದ ಆರ ತಂದಾಗ. ನಾನು ರಂಗದ ಕೆಳ್ಗೇ ಕುಂತಿದ್ನಲ್ಲ, ಕೇಳುಸ್ತು. 'ಲಾಡಿ ಕಿತ್ತೋಗದೆ ಕಣ್ಲಾ ಬಾಮೈದ, ಎದ್ರೆ ಮಾನ ಓಯ್ತದೆ. ಮಲಗಿರಂಗೇ ಆಕ್ಬುಡು. ಎಲ್ಲೂ ಬಾಯ್ ಬುಡ್ಬ್ಯಾಡ' ಅಂದ. ಆ ಉಡುಗ 'ಆಗ್ಲಿ ಭಾವ' ಅಂದ್ಬುಟ್ಟು ಅಂಗೇ ಆಕ್ದ." ಮೇಷ್ಟ್ರು ನಗುತ್ತಿದ್ದರು. ಅತ್ತೆಯ ಮುಖ ನೋಡಿ ನಗು ನಿಂತಿತು. "ನಿಮ್ಗೆ ಗೊತ್ತಿಲ್ವಾ? ಬಾಮೈದ ಮನೇಲಾದ್ರೂ ಯೋಳಿರ್ತಾನೆ ಅನ್ಕಂಡಿದ್ದೆ."

ಅವನು ಹೇಳಿರಲಿಲ್ಲ. ಅಂಗಳ ತುಂಬಿದ್ದ ಜನರ ಎದುರಿಗೆ ಬಾಯಿ ತೆರೆದು ಮುಚ್ಚಿದ್ದ. ಹೇಳಿದ್ದರೆ ಏನಾಗುತ್ತಿತ್ತೆಂದು ನಮ್ಮೂರಿನವರಿಗೆ ವಿವರಿಸಬೇಕಿಲ್ಲ. ಹೆಣ ಎತ್ತುವ ಮುಂಚೆಯೇ ಸೇನಾಪತಿ ಹೋಗಿ ಲಾಡಿ ಉಳಿಯುತ್ತಿತ್ತು. ನಾನು ಲಾಡಿಯ ಹೆಂಡತಿ, ಇದು ಲಾಡಿಯ ಮನೆ.

ಅತ್ತೆ ನನ್ನ ಕಡೆ ತಿರುಗಿದರು. "ಅವತ್ತು ಒತ್ತಾರೆ ನಿನ್ ತಾವ ಲಾಡಿ ಇಸ್ಕಂಡ್ನೇನೇ?"

"ಹೂಂ ಅತ್ತೆ. ಹೊಸದು ಕೊಟ್ಟಿದ್ದೆ."

ಅವರು ಕೇರಿ ಮುಗಿದಿದ್ದ ರಾಗಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಕೇರತೊಡಗಿದರು. ಕೈ ನಿಲ್ಲಿಸದೆ, "ಮೇಷ್ಟ್ರೇ, ಈ ಮಾತು ಈ ಜಗಲಿ ಇಳೀಬಾರ್ದು," ಅಂದರು.

"ಇಳಿಯಂಗಿದ್ರೆ ಓದ್ ವರ್ಸವೇ ಇಳೀತಿತ್ತು ಬುಡವ್ವ."

ಅತ್ತೆ ಬೈದದ್ದು ಊರಿನ ಎದುರಿಗೆ. ತಪ್ಪಾಯಿತು ಎನ್ನಲು ಕಾರಣ ಬೇಕು, ಆ ಕಾರಣ ಬಾಯಿಗೆ ತರುವಂಥದ್ದಲ್ಲ. ನಾಟಕದ ವಾರದಲ್ಲಿ ಒಂದು ಬೆಳಿಗ್ಗೆ ಸೆರಗು ಹೊದ್ದು, ಮಗ ಹೋದ ಮೇಲೆ ಮೊದಲ ಸಲ ಬಸ್ ಸ್ಟ್ಯಾಂಡಿಗೆ ಹೊರಟರು. ನಾನು ಜೊತೆಗೆ ಹೋದೆ. ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರು ಬೀಡಿ ಎಸೆದು ನಿಂತುಕೊಂಡ.

"ಅಕ್ಕಿಹೆಬ್ಬಾಳ್ನೋನ್ಗೆ ಯೋಳಪ್ಪ. ನಾಟ್ಕದ್ ದಿನ ಆರ ತಗಂಡು ಬರ್ಬೇಕಂತೆ. ಅದೇ ಅಂಗಡೀದು."

"ಆರ ಯಾರ್ಗವ್ವ? ಈ ವರ್ಸ ನಿಮ್ಮನೇಲಿ ಯಾರೂ ಪಾರ್ಟ್ ಮಾಡ್ತಿಲ್ವಲ್ಲ."

"ನಿನ್ಗೆ ಟಿಕೀಟು ಕೊಡಾ ಕೆಲ್ಸ. ಯೋಳಿದ್ದಷ್ಟು ಯೋಳು."

ನಾಟಕದ ದಿನ ಸಂಜೆ, ಇನ್ನೂ ಬಿಸಿಲಿತ್ತು. ಚಾಪೆ ಹಿಡಿದು ಬಯಲಿನ ಕಡೆ ಹೋಗುವ ಜನ ಬೀದಿಯಲ್ಲಿ ಎಡೆಬಿಡದೆ ಸಾಗುತ್ತಿದ್ದರು. ಮೈಕ್ ಸೆಟ್ಟಿನವನು "ಹಲೋ, ಹಲೋ" ಎನ್ನುತ್ತಿದ್ದ. ಅತ್ತೆ ನಡುಮನೆಯ ಫೋಟೋ ಇಳಿಸಲು ಹೇಳಿದರು. ಇಳಿಸಿದೆ. ಅದನ್ನು ಅವರೇ ಎತ್ತಿಕೊಂಡು ಬಂದು, ಜಗಲಿಯ ಮೇಲೆ ಮಣೆ ಹಾಕಿ, ಗೋಡೆಗೆ ಒರಗಿಸಿ ನಿಲ್ಲಿಸಿದರು. ಕತ್ತಿ ಹಿಡಿದು ನಿಂತ ಸೇನಾಪತಿ.

ತಮ್ಮ ಬಂದ. ಬೀದಿಯ ಆಚೆ ಬದಿಯಲ್ಲೇ ನಿಂತ. ಕೈಯಲ್ಲಿ ಬಾಳೆ ಎಲೆಯ ಸುರುಳಿ, ನೀರು ತೊಟ್ಟಿಕ್ಕುತ್ತಿತ್ತು. ಸಣ್ಣಗಾಗಿದ್ದ. ಚಪ್ಪಲಿ ಹೊಸದು.

"ಯಾಕ್ಲಾ ಬೀದೀಲಿ ನಿಂತಿದ್ದೀ?" ಅತ್ತೆ ಕೂಗಿದರು, ಹೋಗುವವರೆಲ್ಲ ನಿಲ್ಲುವ ಹಾಗೆ. "ನಿಮ್ಮಕ್ಕನ ಮನೆ ಅಲ್ವಾ ಇದು? ಕಾಲ್ ತೊಳ್ಕಂಡು ಮ್ಯಾಲಕ್ ಬಾ."

ನಾನು ಚೊಂಬು ಕೊಟ್ಟೆ. ಅವನು ಕಾಲು ತೊಳೆದು ಜಗಲಿ ಹತ್ತಿದ. ಫೋಟೋ ನೋಡಿದ, ಅತ್ತೆಯನ್ನು ನೋಡಿದ.

"ಈಗ ನಿಂತವ್ನೆ," ಅತ್ತೆ ಅಂದರು. "ಆಕ್ಲಾ."

ಅವನು ಎಲೆ ಬಿಚ್ಚಿ ಹಾರ ಹಾಕಿದ. ಫೋಟೋ ಚಿಕ್ಕದು, ಹಾರ ದೊಡ್ಡದು. ಎರಡು ಸುತ್ತು ಸುತ್ತಬೇಕಾಯಿತು. ಬಡಗಿ ಮೀಸೆ ಹೆಂಡತಿಯ ಜೊತೆ ಹೋಗುತ್ತಿದ್ದವನು ನಿಂತು ಕೇಳಿದ: "ಏನವ್ವಾ, ಸೇನಾಪತಿಗೆ ಇವತ್ತೂ ಆರವಾ?"

"ಊಂ ಕಣಪ್ಪ ಮೀಸೆ. ತವರಿಂದ ಬಂದದೆ."

"ಬರ್ಲಿ ಬುಡಿ, ಬರ್ಲಿ," ಎಂದು ಅವನು ಕೈ ಮುಗಿದು ಮುಂದೆ ಹೋದ. ಅವನ ಹಿಂದೆ ನಿಂತಿದ್ದವರೂ ಹೋದರು. ಯಾಕೆ, ಏನು ಎಂದು ಆಮೇಲೆಯೂ ಯಾರೂ ನಮ್ಮನ್ನು ಕೇಳಲಿಲ್ಲ. ಅವತ್ತು ಆ ಪಾರ್ಟಿಗೆ ನಾಗಮಂಗಲದಿಂದ ಯಾರನ್ನೋ ಕರೆತಂದಿದ್ದರು. ಅವನು ಸತ್ತದ್ದು ಚೆನ್ನಾಗಿರಲಿಲ್ಲವಂತೆ. ನಾವು ನೋಡಲು ಹೋಗಲಿಲ್ಲ.

ತಮ್ಮನಿಗೆ ಅತ್ತೆಯೇ ಬಡಿಸಿದರು. ಮುದ್ದೆ, ಸೊಪ್ಪಿನ ಸಾರು. ಅವನು ತಲೆ ತಗ್ಗಿಸಿ ಉಂಡ. ಲಾಡಿಯ ಮಾತು ಅವನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಅದು ಇಬ್ಬರಿಗೂ ಗೊತ್ತಿದೆ ಎನ್ನುವುದು ಮಾತ್ರ ಇಬ್ಬರಿಗೂ ಗೊತ್ತಾಗಿತ್ತು. ಅವರಿಬ್ಬರೂ ಈಗಿಲ್ಲ. ಹೆಸರು ಇಡುತ್ತಿದ್ದ ಜನರೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಎರಡನೆಯ ಮುದ್ದೆ ಇಡುತ್ತಾ ಅತ್ತೆ ಹೇಳಿದರು: "ನೀನು ಕಳ್ಸಿದ್ದ ಅವರೇಕಾಯಿ ತಿನ್ನಾಕಾಗ್ನಿಲ್ಲ ಕಣಪ್ಪ. ಒಣಗೋಯ್ತು."

"ಓಗ್ಲಿ ಬುಡಿ ಅತ್ತೆ," ಎಂದ ತಮ್ಮ. "ಬಿತ್ತನೆಗಾಯ್ತದೆ."

ನಾನು ಏಣಿ ಹಾಕಿ ಅಟ್ಟದಿಂದ ಆ ಗಂಟು ಇಳಿಸಿದೆ. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಹುಳು ಬಿದ್ದಿತ್ತು. ದೀಪ ಹತ್ತಿಸಿಕೊಂಡು, ಮಿಕ್ಕ ಕಾಳನ್ನು ಆರಿಸಲು ಕುಳಿತೆ.